ಎಡೆಗೆ ಇಟ್ಟ ಬ್ಯಾಟು

“ಜಿಲ್ಲಾ ಸೆಲೆಕ್ಷನ್ನಿಗೆ ನಿಂತ್ಕೊಳ್ಳೋ ದಿನ ಈ ಬ್ಯಾಟು ನಿಂದು ಕಣವ್ವ, ಇದ್ರಲ್ಲೇ ಆಡುವಂತೆ” ಎಂದು ನನ್ನ ಗಂಡ ಪ್ರಸನ್ನ ಮಗಳು ಗಗನಳಿಗೆ ಮಾತು ಕೊಟ್ಟಾಗ ಅವಳಿನ್ನೂ ಅಂಗನವಾಡಿಗೆ ಹೋಗುತ್ತಿದ್ದಳು. ಮಂಡ್ಯದ ಕ್ಲಬ್ಬಿನಲ್ಲಿ ಭಾನುವಾರ ಅವರು ಟೇಬಲ್ ಟೆನಿಸ್ ಆಡುವುದನ್ನು ನೋಡಲು ನಾವಿಬ್ಬರೂ ಮದ್ದೂರಿನಿಂದ ರೈಲಿನಲ್ಲಿ ಹೋಗುತ್ತಿದ್ದೆವು. ಗಗನ ಟೇಬಲ್ಲಿನ ಅಂಚಿಗೆ ಗಲ್ಲ ಊರಿಕೊಂಡು ನಿಲ್ಲುತ್ತಿದ್ದಳು. ಚೆಂಡು ಮೂಗಿನ ಮುಂದೆ ಹಾದರೂ ಕಣ್ಣು ಮಿಟುಕಿಸುತ್ತಿರಲಿಲ್ಲ. ಅವತ್ತು ಅವರು ನನ್ನ ಕಡೆಗೂ ತಿರುಗಿ, “ನಾನು ಮರೆತ್ರೂ ನೀನು ಮರೀಬ್ಯಾಡ, ಸಾಕ್ಷಿ ನೀನೇ” ಅಂದಿದ್ದರು.

ಆಮೇಲೆ ಅವರ ಕಿಡ್ನಿ ಕೈಕೊಟ್ಟಿತು. ನಾನು ಮಳವಳ್ಳಿಯಲ್ಲಿ ನರ್ಸು. ಊರವರ ಕಾಯಿಲೆಯನ್ನೆಲ್ಲ ಮುಟ್ಟಿ ನೋಡಿದವಳಿಗೆ ಮನೆಯವರ ಕಾಯಿಲೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕೊನೆಯ ವಾರ ಡಯಾಲಿಸಿಸ್ ಹಾಸಿಗೆಯಲ್ಲಿ ಮಲಗಿಕೊಂಡೇ ಕೇಳಿದರು: “ಬ್ಯಾಟು ಎಲ್ಲದೆ?”

“ಬೀರುವಿನಲ್ಲದೆ.”

“ಯಾರಿಗೂ ಕೊಡ್ಬ್ಯಾಡ. ಆ ದಿನ ಬಂದಾಗ ಗಗನಂಗೆ ನೀನೇ ಕೈಗೆ ಕೊಡು.”

“ಕೊಡ್ತೀನಿ ಬುಡಿ, ಮಾತು” ಅಂದೆ. ಅಲ್ಲಿಗೆ ಅವರು ಕೊಟ್ಟ ಮಾತು ನನ್ನದಾಯಿತು.

ಬ್ಯಾಟು ಬೀರುವಿನಲ್ಲೇ ಉಳಿಯಲಿಲ್ಲ. ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುವಾಗ ಸತ್ತವರು ಇಷ್ಟಪಟ್ಟಿದ್ದನ್ನೆಲ್ಲ ಮುಂದಿಡುವುದು ನಮ್ಮ ಕಡೆಯ ಪದ್ಧತಿ. ಹೊಸ ಪಂಚೆ, ಶರಟು, ಮುದ್ದೆ, ಬಾಡಿನ ಸಾರು, ಕಜ್ಜಾಯ. ನಮ್ಮ ಅತ್ತೆ ಚಿಕ್ಕಬೋರಮ್ಮ ಮೊದಲ ವರ್ಷವೇ ಬ್ಯಾಟನ್ನು ತಂದು ಬಾಳೆಯೆಲೆಯ ಪಕ್ಕ ಮಡಗಿದರು. ಎರಡೂ ಕಡೆಯ ರಬ್ಬರಿಗೆ ವಿಭೂತಿ ಬಳಿದು, ನಡುವೆ ಕುಂಕುಮ ಇಟ್ಟು, ಸಾಂಬ್ರಾಣಿ ಹೊಗೆ ಹಾಕಿ ತೀರ್ಥ ಚಿಮುಕಿಸಿದರು.

“ಅನ್ನ ಉಂಡಾದ್ಮೇಲೆ ಅವ್ನು ಇದ್ನ ಕೇಳ್ದೆ ಬುಟ್ಟಾನಾ? ಉಣ್ಣೋಕ್ ಮುಂಚೇನೇ ಕೇಳ್ತಿದ್ದ” ಅಂದರು.

ಎಡೆಯ ಮುಂದೆ ಕೂತಿದ್ದವರು ನಕ್ಕರು. ನಾನೂ ನಕ್ಕೆ. ಅಲ್ಲಿಂದ ಪ್ರತಿ ಪಿತೃಪಕ್ಷಕ್ಕೂ ಬ್ಯಾಟಿಗೆ ಎಡೆ ಆಗುತ್ತಲೇ ಬಂತು.

ಗಗನ ಶಾಲೆಯ ಬ್ಯಾಟಿನಲ್ಲಿ ಆಡುವುದನ್ನು ಕಲಿತಳು. ಮೇಲಿನ ಪದರ ಅಲ್ಲಲ್ಲಿ ಎದ್ದು ಬಂದಿದ್ದ, ಯಾರು ಯಾರೋ ಹಿಡಿದು ಹಿಡಿ ಕಪ್ಪಾಗಿದ್ದ ಬ್ಯಾಟು ಅದು. ಅದರಲ್ಲೇ ಅವಳು ಕೈಯನ್ನು ಮೊಣಕಾಲ ಹತ್ತಿರದಿಂದ ಹಣೆಯವರೆಗೆ ಬೀಸಿ, ಚೆಂಡಿನ ಬೆನ್ನು ಸವರಿ ಸುತ್ತು ಹತ್ತಿಸಿ ಕಳಿಸುತ್ತಿದ್ದಳು. ಮಂಡ್ಯದಲ್ಲಿ ಭಾನುವಾರ ಮಕ್ಕಳಿಗೆ ಹೇಳಿಕೊಡುವ ಅರುಂಧತಿ ಮೇಡಂ, “ಈ ಬೀಸು ಹೇಳಿಕೊಟ್ಟು ಬರೋದಲ್ಲ ನಾಗಮಣಿ, ಇದನ್ನ ಕೆಡದಂಗೆ ನೋಡ್ಕೋಬೇಕಷ್ಟೆ” ಎಂದಿದ್ದರು. ಮೇಡಂ ಶಾಲೆಯಲ್ಲಿ ಪಿ.ಟಿ. ಟೀಚರಾಗಿದ್ದು ನಿವೃತ್ತರಾದವರು. ನನ್ನ ಗಂಡನ ಜೊತೆಯಲ್ಲೂ ಆಡಿದವರು.

ಈ ವರ್ಷ ಹನ್ನೆರಡು ತುಂಬಿದ ಮೇಲೆ ಜಿಲ್ಲಾ ಸೆಲೆಕ್ಷನ್ನಿಗೆ ಅವಳ ಹೆಸರು ಹೋಯಿತು. ಅವತ್ತು ನಾನು ಕೆಲಸ ಮುಗಿಸಿ, ಕೆ.ಎಂ. ದೊಡ್ಡಿಯ ಮೇಲೆ ಬರುವ ಬಸ್ಸಿನಲ್ಲಿ ನಿಂತೇ ಬಂದು ಚಪ್ಪಲಿ ಬಿಡುವುದರೊಳಗೆ ಅವಳು ಬೀರುವಿನ ಮುಂದೆ ನಿಂತಿದ್ದಳು.

“ಅಮ್ಮ, ಅಪ್ಪನ ಬ್ಯಾಟು.”

“ಆ ದಿನ ಕೊಡ್ತೀನಿ ಅಂತ ತಾನೆ ಅಪ್ಪ ಅಂದಿದ್ದು?”

“ಆವತ್ತೇ ಹಿಡುದ್ರೆ ಕೈ ಕೂರ್ತದಾ? ಈಗ್ಲಿಂದ ಆಡ್ಬೇಕು.”

ನ್ಯಾಯವಾದ ಮಾತು. ತೆಗೆದುಕೊಟ್ಟೆ. ಅವಳು ಗೋಡೆಗೆ ಒಂದೆರಡು ಸಲ ಚೆಂಡು ಹೊಡೆದು ಹಾಗೇ ನಿಂತುಬಿಟ್ಟಳು.

“ಏನಾಯ್ತೆ?”

“ಇದೇ ಸದ್ದು” ಅಂದಳು. “ಅಪ್ಪ ಆಡ್ತಿದ್ದಾಗ ಇದೇ ಸದ್ದು ಬತ್ತಿತ್ತು. ನಂಗೆ ಅಪ್ಪನ ಮುಖ ಫೋಟೋದಲ್ಲಿದ್ದಂಗೆ ಗೊತ್ತು. ಇದು ಮಾತ್ರ ನಿಜವಾಗ್ಲೂ ಗೊತ್ತು.”

ನಾನು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಪಾತ್ರೆ ತಿಕ್ಕಿದೆ.

ತಿಂಗಳು ಕಳೆದಿರಲಿಲ್ಲ, ಅರುಂಧತಿ ಮೇಡಂ ಫೋನು ಮಾಡಿದರು. ಭಾನುವಾರ ನೀನೂ ಬಾ, ಹೇಳಿದರೆ ತಿಳಿಯಲ್ಲ, ನೋಡಬೇಕು ಎಂದರು. ಹೋದೆ. ಗಗನ ಆಡುತ್ತಿದ್ದಳು. ಆಟ ಬಾರದ ನನಗೂ ಕಂಡಿತು: ಮೊಣಕಾಲಿಂದ ಹಣೆಗೆ ಏಳುತ್ತಿದ್ದ ಕೈ ಈಗ ಎದೆಯ ಮುಂದೆಯೇ ನಿಂತಿತ್ತು. ಬಾಗಿಲು ತಳ್ಳಿದ ಹಾಗೆ ಚೆಂಡನ್ನು ತಳ್ಳುತ್ತಿದ್ದಳು.

“ಕೈ ಹೆದರಿಕೊಂಡಿದೆ” ಎಂದರು ಮೇಡಂ. “ಇದು ಕಾರ್ಬನ್ ಹಾಕಿರೋ ಮರ, ಮುಟ್ಟಿದ್ರೆ ಚೆಂಡು ಹಾರುತ್ತೆ. ಪೂರ್ತಿ ಬೀಸಿದ್ರೆ ಟೇಬಲ್ ದಾಟಿ ಹೋಗುತ್ತೆ. ಹೋಗ್ತಾ ಹೋಗ್ತಾ ಮಗು ಬೀಸೋದನ್ನೇ ಬಿಟ್ಟಿದೆ. ಪ್ರಸನ್ನ ಟೇಬಲ್ ಪಕ್ಕದಲ್ಲೇ ನಿಂತು ಎದುರಿನವರ ಹೊಡೆತವನ್ನೇ ತಿರುಗಿಸಿ ಕೊಡೋನು, ಅವನಿಗೆ ಇದು ಸರಿ. ಇವಳ ಆಟ ಬೇರೆ. ಈಗ ಕೈ ಹೇಳಿದಂಗೆ ಬ್ಯಾಟು ಕೇಳ್ತಿಲ್ಲ, ಬ್ಯಾಟು ಹೇಳಿದಂಗೆ ಕೈ ಕೇಳ್ತಿದೆ.”

ಬ್ಯಾಟನ್ನು ಇಸಿದುಕೊಂಡು ಮಲಗಿಸಿ ಹಿಡಿದರು. ಚೆಂಡನ್ನು ರಬ್ಬರಿನ ಮೇಲೆ ಒತ್ತಿ ಎಳೆದರು. ಗಾಜಿನ ಮೇಲೆ ಜಾರಿದ ಹಾಗೆ ಜಾರಿತು. ಪಕ್ಕದ ಹುಡುಗನ ಬ್ಯಾಟಿನ ಮೇಲೆ ಎಳೆದರೆ ಚೆಂಡು ಹಿಡಿದುಕೊಂಡಿತು, ಬಿಡಲಿಲ್ಲ.

“ಹಳೇದಾದ್ರೂ ಇಷ್ಟೊಂದು ಸತ್ತಿರಬಾರದು. ಏನಮ್ಮ ಬಳಿದಿದ್ದೀರ ಇದಕ್ಕೆ?”

“ವಿಭೂತಿ” ಅಂದೆ. “ಕುಂಕುಮಾನೂ.”

“ಬ್ಯಾಟಿಗಾ?”

“ಪಕ್ಷದ ಎಡೇಲಿ ಇಡ್ತೀವಿ ಮೇಡಂ.”

ಅವರು ನಗಲಿಲ್ಲ. ಬ್ಯಾಟಿನ ಹಿಡಿಯನ್ನು ಒಮ್ಮೆ ಸವರಿ, ತಮ್ಮ ಚೀಲದಿಂದ ಬೇರೆ ಮೂರು ಬ್ಯಾಟು ತೆಗೆದು ಟೇಬಲ್ಲಿನ ಮೇಲೆ ಇಟ್ಟರು. ಒಂದೊಂದರಲ್ಲೂ ಗಗನಳಿಂದ ಆಡಿಸಿದರು. ಆಡುವಾಗ ಅವರು ಚೆಂಡನ್ನು ನೋಡಲೇ ಇಲ್ಲ, ಅವಳ ಮೊಣಕೈಯನ್ನು ನೋಡುತ್ತಿದ್ದರು. ಮೂರನೆಯದರಲ್ಲಿ ಕೈ ತಾನಾಗಿ ಕೆಳಗಿಳಿದು ಮೇಲೆ ಬಂತು. ಬರಿಯ ಮರ, ಕಾರ್ಬನ್ ಇಲ್ಲ, ರಬ್ಬರಿನ ಅಡಿಯ ಸ್ಪಂಜು ಮೆದು, ದಪ್ಪವೂ ಕಡಿಮೆ, ಹಿಡಿ ತೆಳು.

“ಇದು ನಿಂದು. ಚೆಂಡು ಬ್ಯಾಟಿನ ಮೇಲೆ ಒಂದು ಗಳಿಗೆ ಕೂತು ಹೋಗುತ್ತೆ, ಅದು ನಿನ್ನ ಕೈಗೆ ಗೊತ್ತಾಗುತ್ತೆ. ಇನ್ನೂ ಎರಡು ಮೂರು ವರ್ಷ ಇದರಲ್ಲಿ ಕಲಿ. ಆಮೇಲೆ ಬೇಕಾದ್ರೆ ಅಪ್ಪಂದು.”

“ಇದು ಟಪ್ ಅಂತದೆ” ಅಂದಳು ಗಗನ. “ಅಪ್ಪನ ಥರ ಸದ್ದು ಮಾಡಲ್ಲ.”

“ಸದ್ದಿಗೆ ಪಾಯಿಂಟ್ ಕೊಡಲ್ಲ ಮಗು.”

“ಅಪ್ಪ ಅದ್ರಲ್ಲೇ ಆಡು ಅಂದವ್ರೆ. ಅಮ್ಮ ಮಾತು ಕೊಟ್ಟವ್ರೆ. ಕೇಳಿ ಬೇಕಾದ್ರೆ.”

ಮೇಡಂ ನನ್ನ ಮುಖ ನೋಡಿದರು. ಮಗಳೂ ನೋಡಿದಳು. ಆಸ್ಪತ್ರೆಯಲ್ಲಿ ಇಂಥ ಗಳಿಗೆ ಬಂದರೆ ನಾನು ಡಾಕ್ಟರನ್ನು ಕೇಳಿ ಎಂದು ಹೇಳಿ ಹೋಗಿಬಿಡುತ್ತೇನೆ. ಇಲ್ಲಿ ಇನ್ನೊಬ್ಬರು ಇರಲಿಲ್ಲ.

“ರಬ್ಬರು ಒಂದನ್ನ ಬದಲಾಯಿಸಿದ್ರೆ?” ಅಂದೆ. “ಮರ ಅವ್ರದೇ ಇರ್ಲಿ. ಮೇಲಿಂದು ಹೊಸದಾಗ್ಲಿ.”

“ಅದು ಬ್ಯಾಟಿನ ಗುಣಾನೇ ಬದಲಾಯಿಸುತ್ತೆ ನಾಗಮಣಿ. ನಾನಾದ್ರೆ ಮಾಡಲ್ಲ.”

“ಮಾತೂ ಉಳೀತದೆ, ಮಗುವಿಗೂ ಸಮಾಧಾನ.”

“ನಿನ್ನ ಮನೆ ಬ್ಯಾಟು, ನಿನ್ನಿಷ್ಟ.”

ಮನೆಯಲ್ಲಿ ಅತ್ತೆಗೆ ಹೇಳಿದಾಗ ಅವರು ಅಕ್ಕಿ ಆರಿಸುತ್ತಿದ್ದ ಮೊರವನ್ನು ಪಕ್ಕಕ್ಕಿಟ್ಟರು.

“ಏನಮ್ಮಿ ಅಂಗಂದ್ರೆ? ಸುಲಿದಾಕ್ತೀರಾ ಅದ್ನ?”

“ಮೇಲಿನ ರಬ್ಬರು ಅಷ್ಟೆ ಅತ್ತೆ. ವಿಭೂತಿ ಹತ್ತಿ ಹತ್ತಿ ಕೆಟ್ಟೋಗದೆ.”

“ವಿಬೂತಿಗೆ ಕೆಡೋ ವಸ್ತು ಎಲ್ಲಾರ ಅದಾ ಪರ್‌ಪಂಚ್ದಲ್ಲಿ? ನಿಮ್ ಮೇಡಂಗೆ ಬುದ್ಧಿ ಏಳೋರಿಲ್ವಾ?” ಎಂದು ಗಗನಳ ಕಡೆ ತಿರುಗಿದರು. “ಏನ್ ಮಗ, ನಿಮ್ಮಪ್ಪ ಕೈಯಿಟ್ಟಿದ್ದ ಜಾಗ ಕಣೆ ಅದು.”

“ಅಪ್ಪ ಕೈಯಿಡ್ತಿದ್ದುದು ಹಿಡಿ ಮೇಲೆ ಅಜ್ಜಿ. ರಬ್ಬರಿನ ಮೇಲೆ ಯಾರ್ ಕೈಯಿಡ್ತಾರೆ?”

“ಲಾಯ್ರಾಗು ನೀನು, ಚೆಂಡಾಡೋದ್ ಬುಡು” ಎಂದರು ಅತ್ತೆ. ಆದರೆ ಮೊರ ಎತ್ತಿಕೊಂಡ ಮೇಲೆ ಅಕ್ಕಿಯಲ್ಲಿ ಕೈಯಾಡಲಿಲ್ಲ. ಮೆಲ್ಲಗೆ ಕೇಳಿದರು: “ನಾನ್ ಬಳಿದಿದ್ದಕ್ಕೇನಾ ಕೆಟ್ಟಿದ್ದು?”

“ಹಳೇದಾಗಿತ್ತು ಅತ್ತೆ” ಅಂದೆ.

ಮುಂದಿನ ಭಾನುವಾರ ಮೇಡಂ ರಬ್ಬರು ಸುಲಿದರು. ಒಂದು ಮೂಲೆಯಲ್ಲಿ ಉಗುರು ಹಾಕಿ ನಿಧಾನವಾಗಿ ಎಳೆದರು. ಒಣಗಿದ ಗಾಯದ ಪ್ಲಾಸ್ಟರು ಬಿಡಿಸುವಾಗ ಬರುವ ಸದ್ದೇ ಬಂತು. ಸ್ಪಂಜು ಪುಡಿಪುಡಿಯಾಗಿ ಮಡಿಲಿಗೆ ಉದುರಿತು. ಹೊಸ ಮೆದು ರಬ್ಬರಿಗೆ ಅಂಟು ಸವರಿ, ಆರಲು ಬಿಟ್ಟು, ಒತ್ತಿ, ಅಂಚನ್ನು ಕತ್ತರಿಸಿ ಗಗನಳ ಕೈಗೆ ಕೊಟ್ಟರು. ಅವಳು ಹೊಡೆದಳು.

ಚೆಂಡು ಟೇಬಲ್ಲು ದಾಟಿ ಗೋಡೆಗೆ ಬಡಿಯಿತು. ಇನ್ನೊಂದು ಹೊಡೆದಳು, ಅದೂ ಅಷ್ಟೆ. ಸತ್ತ ರಬ್ಬರು ಇಷ್ಟು ದಿನ ಆ ಮರದ ವೇಗವನ್ನು ಅಷ್ಟೋ ಇಷ್ಟೋ ನುಂಗಿಕೊಂಡಿತ್ತಂತೆ. ಹೊಸದು ನುಂಗಲಿಲ್ಲ. ಬ್ಯಾಟು ಕೈಗೆ ಒಗ್ಗದೆ ಹೋಗುವುದಕ್ಕಾದರೂ ನಾನು ಸಿದ್ಧಳಾಗಿದ್ದೆ. ಮಗಳು ಅಳುತ್ತಿದ್ದುದು ಅದಕ್ಕಲ್ಲ.

“ಸದ್ದು ಎಲ್ಲಮ್ಮ?” ಅಂದಳು.

ನಾನು ಕಿವಿಗೊಟ್ಟೆ. ಮೇಡಂ ತಾವೇ ಬ್ಯಾಟು ತೆಗೆದುಕೊಂಡು ಹೊಡೆದು ತೋರಿಸಿದರು. ಯಾರ ಬ್ಯಾಟಿನಿಂದಲಾದರೂ ಬರುವ ಸದ್ದು. ಆ ಸದ್ದು ಮರದ್ದೆಂದು ನಾನು ಅಂದುಕೊಂಡಿದ್ದೆ. ಅದು ಆ ಹಳೆಯ ಗಟ್ಟಿ ಸ್ಪಂಜಿನದಾಗಿತ್ತು. ಸುಲಿದದ್ದನ್ನು ಮತ್ತೆ ಅಂಟಿಸಲಾದೀತೇ ಎಂದು ಕೇಳಿದೆ. ಮೇಡಂ ಮಡಿಲಿನ ಪುಡಿಯನ್ನು ತೋರಿಸಿದರು.

“ಇದು ಆಡೋ ಬ್ಯಾಟೂ ಅಲ್ಲ, ಅಪ್ಪಂದೂ ಅಲ್ಲ” ಅಂದಳು ಗಗನ. “ಸುಮ್ನೆ ಬುಟ್ಟಿದ್ರೆ ಒಂದಾದ್ರೂ ಇರ್ತಿತ್ತು.”

ರೈಲಿನಲ್ಲಿ ಅವಳು ನನ್ನ ಪಕ್ಕ ಕೂರಲಿಲ್ಲ. ಎದುರು ಸಾಲಿನಲ್ಲಿ ಕಿಟಕಿಗೆ ಹಣೆ ಒತ್ತಿಕೊಂಡು ಕೂತಳು. ಪಕ್ಕದಲ್ಲಿದ್ದ ಹೂವಿನ ಬುಟ್ಟಿಯ ಹೆಂಗಸು, “ಯಾಕವ್ವ, ಅಮ್ಮ ಬೈದ್ರಾ?” ಎಂದು ಕೇಳಿದಳು. ಗಗನ ಇಲ್ಲವೆಂದು ತಲೆಯಾಡಿಸಿದಳು. “ಬೈದಿದ್ರೆ ಸರಿಯೋಯ್ತದೆ ಬುಡು” ಎಂದು ಆ ಹೆಂಗಸು ಅವಳ ಕೈಗೆ ಒಂದು ತುಂಡು ಮಲ್ಲಿಗೆ ಕೊಟ್ಟಳು. ಇವಳು ಮುಡಿಯಲಿಲ್ಲ.

ಬೈದಿದ್ದರೆ ಸರಿಹೋಗುತ್ತಿತ್ತು. ನಾನು ಇಬ್ಬರನ್ನೂ ಒಪ್ಪಿಸಲು ಹೋಗಿದ್ದೆ. ಬದುಕಿಲ್ಲದವರಿಗೆ ಕೊಟ್ಟ ಮಾತನ್ನೂ ಬದುಕಿರುವವಳ ಕೈಯನ್ನೂ ಒಂದೇ ಮರಕ್ಕೆ ಅಂಟಿಸಬಹುದೆಂದು ನಂಬಿದ್ದೆ. ಬ್ಯಾಟು ಆಡುವವರ ಕೈಗೆ ಒಗ್ಗಬೇಕು, ನೋಡುವವರ ಸಮಾಧಾನಕ್ಕಲ್ಲ ಎಂದು ಮೇಡಂ ಎಷ್ಟು ಬಗೆಯಲ್ಲಿ ಹೇಳಿದ್ದರೋ.

ಮರುವಾರದಿಂದ ಗಗನ ಏನೂ ಹೇಳದೆ ಮೇಡಂ ಆರಿಸಿದ್ದ ಬ್ಯಾಟನ್ನು ಹಿಡಿದಳು. ಕೈ ಬೇಗ ಬಿಚ್ಚಿಕೊಳ್ಳಲಿಲ್ಲ. ಎದೆಯ ಹತ್ತಿರ ಬಂದು ತಡೆಯುತ್ತಿತ್ತು, ಕೆಲವೊಮ್ಮೆ ಹಣೆಯವರೆಗೆ ಏಳುತ್ತಿತ್ತು, ಮತ್ತೆ ತಡೆಯುತ್ತಿತ್ತು. ಸಂಜೆ ಮನೆಯ ಗೋಡೆಗೆ ಚೆಂಡು ಹೊಡೆಯುವುದನ್ನು ಮಾತ್ರ ನಿಲ್ಲಿಸಿಬಿಟ್ಟಳು. ಅತ್ತೆ ಒಂದು ದಿನ ತಡೆಯಲಾರದೆ, “ಗೋಡೆ ಬೀಳ್ತದೆ ಅಂತ ಬಯ್ತಿದ್ದೆ ಕಣವ್ವ, ಬಿದ್ರೆ ಬೀಳ್ಲಿ, ಚೆಂಡ್ ಒಡಿ” ಎಂದರು. “ಬ್ಯಾಡ ಅಜ್ಜಿ” ಎಂದು ಅವಳು ಪುಸ್ತಕ ತೆಗೆದಳು.

ಸೆಲೆಕ್ಷನ್ನಿನ ದಿನ ರಜೆ ಹಾಕಿ ನಾನೂ ಮಂಡ್ಯಕ್ಕೆ ಹೋದೆ. ಚೀಲದಲ್ಲಿ ಎರಡೂ ಬ್ಯಾಟು ಇದ್ದವು. ಹೆಸರು ಕೂಗಿದಾಗ ನನ್ನ ಗಂಡನ ಬ್ಯಾಟನ್ನು ತೆಗೆದು ಚಾಚಿದೆ.

“ಗಗನ, ನಿಮ್ಮಪ್ಪಂಗೆ ಮಾತು ಕೊಟ್ಟಿದ್ದೆ. ನಾನು ಕೊಡ್ಬೇಕು. ತಗೊಳ್ಳೋದು ಬಿಡೋದು ನಿನ್ನಿಷ್ಟ.”

ಅವಳು ಹಿಡಿಯನ್ನು ಮುಟ್ಟಿದಳು. ಬೆರಳು ಅಲ್ಲೇ ಸ್ವಲ್ಪ ಹೊತ್ತು ಇತ್ತು.

“ಬ್ಯಾಡಮ್ಮ. ಇದ್ರಲ್ಲಿ ಸೋತ್ರೆ ನಂಗೆ ಅಪ್ಪನ ಮೇಲೆ ಕೋಪ ಬತ್ತದೆ.”

ಮೊದಲ ಎರಡು ಸುತ್ತು ಗೆದ್ದಳು. ಮೂರನೆಯದರಲ್ಲಿ ಮಳವಳ್ಳಿಯ ಹುಡುಗಿಗೆ ಸೋತಳು. ಕಡೆಯ ಗೇಮಿನಲ್ಲಿ ಕೈ ಪೂರ್ತಿ ಬಿಚ್ಚಿತ್ತು ಎಂದು ಮೇಡಂ ಹೇಳಿದರು. ಇನ್ನೊಂದು ತಿಂಗಳು ಸಿಕ್ಕಿದ್ದರೆ ಎಂದೂ ಹೇಳಿದರು. ಆ ತಿಂಗಳು ಎಲ್ಲಿ ಹೋಗಿತ್ತೆಂದು ನಮಗೆ ಮೂವರಿಗೂ ಗೊತ್ತಿತ್ತು. ತಂಡದ ಹೆಸರುಗಳನ್ನು ಓದಿದಾಗ ಗಗನಳ ಹೆಸರು ಇರಲಿಲ್ಲ. ಅವಳು ತನ್ನನ್ನು ಸೋಲಿಸಿದ ಹುಡುಗಿಯ ಕೈ ಕುಲುಕಿ ಬಂದು ನನ್ನ ಪಕ್ಕ ಕೂತು ಬೂಟಿನ ಲೇಸು ಬಿಚ್ಚಿದಳು.

ಅಪ್ಪನ ಬ್ಯಾಟಿನಲ್ಲಿ ಅವಳು ಆಡಲಿಲ್ಲ. ನಾನು ಚಾಚಿದೆನಷ್ಟೆ, ಕೊಟ್ಟ ಮಾತು ನಡೆಯಲಿಲ್ಲ.