ಕಾಲು ಮೇಡಂ ಅವರ ಸಿಟ್ಟು

ಎದುರಿಗೆ ಬಂದವರ ಮುಖ ನೋಡುವ ಮೊದಲು ಆಕೆ ಕಾಲು ನೋಡುತ್ತಿದ್ದರು. ಬಸ್ ನಿಲ್ದಾಣದಲ್ಲಾಗಲಿ ನೆಂಟರ ಮನೆಯಲ್ಲಾಗಲಿ, ದೃಷ್ಟಿ ಮೊದಲು ಕಣಕಾಲಿಗಿಳಿದು, ಅಲ್ಲಿಂದ ಮೀನಖಂಡವನ್ನು ಸವರಿಕೊಂಡು, ಕೊನೆಗೆ ಒಲ್ಲದ ಮನಸ್ಸಿನಿಂದ ಮುಖಕ್ಕೇರುತ್ತಿತ್ತು. "ನಿನ್ನ ಮೈದುನ ಮನುಷ್ಯ ಹೇಗೋ ಏನೋ ಕಣೇ, ಕಾಲಿನ ನರ ಮಾತ್ರ ಚಿನ್ನ" ಎಂದು ತಂಗಿಗೆ ಒಮ್ಮೆ ಹೇಳಿದ್ದರು.

ಹೃದಯದ ಬೈಪಾಸ್ ಆಪರೇಷನ್ನಿನಲ್ಲಿ ಕಟ್ಟಿಹೋದ ನಾಳಕ್ಕೆ ಬದಲಿಯಾಗಿ ಜೋಡಿಸಲು ರೋಗಿಯ ಕಾಲಿನಿಂದ ರಕ್ತನಾಳ ಬಿಡಿಸಿಕೊಡುವುದು ಆಕೆಯ ಇಪ್ಪತ್ತೆರಡು ವರ್ಷಗಳ ಕೆಲಸ. ದೊಡ್ಡ ಡಾಕ್ಟರು ಎದೆಯ ಬಳಿ, ಈಕೆ ಕಾಲಿನ ಬಳಿ. ಪತ್ರಿಕೆಯಲ್ಲಿ ಫೋಟೋ ಬಂದದ್ದು ಅವರದು. ಹೊಲಿಗೆ ಉರಿಯುತ್ತದೆಂಬ ದೂರು ಬಂದದ್ದು ಈಕೆಗೆ. ಆಸ್ಪತ್ರೆಯ ಬಾಯಲ್ಲಿ ಆಕೆ ಕಾಲು ಮೇಡಂ. ಬಗ್ಗಿ ಬಗ್ಗಿ ಬೆನ್ನು ಎಡಕ್ಕೆ ವಾಲಿ, ನಡೆಯುವಾಗ ನೆಲದ ಮೇಲೆ ಏನನ್ನೋ ಕಳೆದುಕೊಂಡವರಂತೆ ಕಾಣುತ್ತಿದ್ದರು. ಅದಕ್ಕೆಲ್ಲ ಆಕೆಯ ತಕರಾರಿರಲಿಲ್ಲ. ತಕರಾರಿದ್ದದ್ದು ಅವಸರದ ಮೇಲೆ.

ನಾಳವನ್ನು ಚಿಮಟದಲ್ಲಿ ಹಿಡಿಯಕೂಡದು, ಎಳೆಯಕೂಡದು, ಸುತ್ತಲಿನ ಕೊಬ್ಬಿನ ಹೊದಿಕೆ ಸಮೇತ ಬಿಡಿಸಬೇಕು ಎಂದು ಕಿರಿಯ ಡಾಕ್ಟರುಗಳ ಕಿವಿ ತೂತಾಗುವಷ್ಟು ಹೇಳುತ್ತಿದ್ದರು. ಒರಟಾಗಿ ಮುಟ್ಟಿದರೆ ಅದು ಮುದುಡಿಕೊಳ್ಳುತ್ತದೆ. ಮುದುಡಿದ್ದನ್ನು ಸಿರಿಂಜಿನಿಂದ ದ್ರವ ಒತ್ತಿ ಹಿಗ್ಗಿಸಿದರೆ ನೋಡಲು ದಷ್ಟಪುಷ್ಟ. ಒಳಪದರ ಮಾತ್ರ ಹರಿದಿರುತ್ತದೆ, ವರ್ಷ ತುಂಬುವುದರೊಳಗೆ ಮುಚ್ಚಿಕೊಂಡರೂ ಆಶ್ಚರ್ಯವಿಲ್ಲ. ಈ ನಿಷ್ಠುರ ಪುಸ್ತಕದಿಂದ ಬಂದದ್ದಲ್ಲ, ಒಬ್ಬ ದರ್ಜಿಯಿಂದ ಬಂದದ್ದು.

ಆ ದರ್ಜಿಯ ಆಪರೇಷನ್ ದಿನ ದೊಡ್ಡ ಡಾಕ್ಟರಿಗೆ ಮೂರನೆಯ ಕೇಸಿನ ಧಾವಂತ. "ಇನ್ನೂ ಎಷ್ಟೊತ್ತಮ್ಮಾ? ಒತ್ತಿ ಹಿಗ್ಗಿಸಿ ಕೊಡಿ" ಎಂದರು. ಈಕೆ ಒತ್ತಿದರು. ಒಳಗೇನೋ ಸಡಿಲಗೊಂಡದ್ದು ಹೆಬ್ಬೆರಳಿಗೆ ಗೊತ್ತಾಯಿತು, ಬಾಯಿ ಸುಮ್ಮನಿತ್ತು.

ಒಂದೂವರೆ ವರ್ಷಕ್ಕೆ ದರ್ಜಿ ಎದೆನೋವೆಂದು ಹೆಂಡತಿಯೊಡನೆ ಮರಳಿ ಬಂದ. ಅದೇ ನಾಳ ಮುಚ್ಚಿತ್ತು. ದೊಡ್ಡ ಡಾಕ್ಟರು ಪರೀಕ್ಷೆಯ ಚಿತ್ರವನ್ನು ಮೇಜಿನ ಮೇಲೆಸೆದು, "ಬಾಯಿ ಕಟ್ಟಿಲ್ಲ ನೀವು. ನಾವು ಮಾಡಿದ್ದನ್ನೆಲ್ಲ ತಿಂದು ಹಾಳು ಮಾಡ್ಕೊಂಡ್ರಿ" ಎಂದು ಗದರಿಸಿದರು. ಒಂದು ಬೀಡಿಯನ್ನೂ ಸೇದದ, ತೂಗಿದ ಅಳತೆಯಲ್ಲೇ ಉಂಡ ಆ ಮನುಷ್ಯ ತಲೆ ತಗ್ಗಿಸಿ, "ತಪ್ಪಾಯ್ತು ಸಾರ್" ಎಂದ.

ಆ ಮಾತು ಕಿವಿಗೆ ಬಿದ್ದು, ಬಾಗಿಲ ಬಳಿ ನಿಂತಿದ್ದ ಆಕೆಯ ಮೈಯೆಲ್ಲ ಉರಿದುಹೋಯಿತು. ಬಾಯಿ ಬಿಟ್ಟರೆ ಕೆಲಸಕ್ಕೇ ಸಂಚಕಾರವೆಂದು ಗೊತ್ತಿತ್ತು. ಆದರೂ ಬಾಯಿ ಬಿಟ್ಟರು.

"ಅವರೇನೂ ತಪ್ಪು ಮಾಡಿಲ್ಲ. ಅವತ್ತು ನರ ಹಿಗ್ಗಿಸಿದ್ದು ನಾನು, ಹಿಗ್ಗಿಸಿ ಅಂದಿದ್ದು ನೀವು."

"ಹೊರಗೆ ಮಾತಾಡೋಣ ಬನ್ನಿ."

"ಬೇಡ ಸಾರ್, ಇವರ ಮುಂದೇನೇ ಆಗ್ಲಿ. ಅದೇ ಕಾರಣ ಅಂತ ನಾನು ಆಣೆ ಮಾಡಲ್ಲ. ಆದ್ರೆ ಇವರ ನಾಲಿಗೇನೇ ಕಾರಣ ಅಂತ ಹೇಳೋಕೆ ನಿಮಗೇನು ಹಕ್ಕಿದೆ?"

ದೊಡ್ಡ ಡಾಕ್ಟರು ಮೇಜಿನ ಮೇಲಿನ ಚಿತ್ರವನ್ನು ಮತ್ತೆ ಕವರಿಗೆ ತುರುಕಿದರು. ಮಾತಾಡಿದ್ದು ದರ್ಜಿಯ ಹೆಂಡತಿ. "ನೋವು ಶುರುವಾದಾಗಿಂದ, ನಾಲ್ಕು ತಿಂಗಳಿಂದ ಇವರ ಜೇಬು ತಡಕ್ತಿದ್ದೀನಲ್ಲಮ್ಮಾ, ಹೊರಗೆ ಕದ್ದು ತಿಂತಾರೆ ಅಂತ. ಮಕ್ಕಳ ಮುಂದೆ ಬೈದಿದ್ದೀನಿ" ಎಂದಳು.

ಕಾಲು ಮೇಡಂ ಅವರ ಕೆಲಸವೇನೋ ಉಳಿಯಿತು, ಬಡ್ತಿ ಹೋಯಿತು. ದರ್ಜಿಯ ಎರಡನೆಯ ಆಪರೇಷನ್ನಿಗೆ ಇನ್ನೊಂದು ಕಾಲಿನ ನಾಳವನ್ನು ಆಕೆಯೇ ಬಿಡಿಸಿದರು, ಗಡಿಯಾರದ ಕಡೆ ಒಮ್ಮೆಯೂ ನೋಡದೆ.

ಇಂಥವರೊಡನೆ ಏಗುವುದು ಕಷ್ಟ. ಸಿಡುಕಿ ಎಂಬ ಬಿರುದು ಇವರಿಗೆ ತಪ್ಪಿದ್ದಲ್ಲ, ಸನ್ಮಾನದ ವೇದಿಕೆಯಲ್ಲಿ ಕುರ್ಚಿ ಸಿಕ್ಕಿದ್ದಿಲ್ಲ. ಆದರೆ ಚರ್ಮದ ಕೆಳಗೆ ನಡೆದದ್ದನ್ನು ಪ್ರಜ್ಞೆ ತಪ್ಪಿ ಮಲಗಿದವನು ಕಾಣಲಾರ. ಕಂಡವರು ಬಾಯಿ ಹೊಲಿದುಕೊಂಡರೆ ಅಪರಾಧವೂ ಅವನ ತಲೆಗೇ ಬಂದು ಕೂರುತ್ತದೆ. ಸಿಟ್ಟನ್ನು ಮೊದಲು ತಮ್ಮ ಕೈಯ ಮೇಲೆಯೇ ತಿರುಗಿಸಿಕೊಳ್ಳಬಲ್ಲವರು ಆಸ್ಪತ್ರೆಗೊಬ್ಬರಾದರೂ ಬೇಕು. ಹೆಚ್ಚಿನ ಕಡೆ ಒಬ್ಬರೂ ಇರುವುದಿಲ್ಲ, ಅಲ್ಲಿ ರೋಗಿಗಳೇ ಕ್ಷಮೆ ಕೇಳುತ್ತಿರುತ್ತಾರೆ.