ಮೇಲೇಳದ ಬಿಳಿ ನೊಣ

ಕಾಲುವೆಯ ನೀರು ನಿಲ್ಲಿಸಿ ತಿಂಗಳಾಗಿತ್ತು. ಮಲಪನಗುಡಿಯ ಹೊಲಗಳಲ್ಲಿ ಹಸಿರು ಮುಗಿದ ಮೇಲೆ ಹುಳಗಳೆಲ್ಲ ನನ್ನ ಹಿತ್ತಿಲಿಗೆ ಬಂದವು. ಪಾತ್ರೆ ತೊಳೆದ ನೀರಿನಲ್ಲೇ ಬದುಕಿದ್ದ ನಾಲ್ಕು ಸಾಲು ಬದನೆ, ಎರಡು ಮಡಿ ಪುಂಡಿಪಲ್ಯದ ಹುಳಿಸೊಪ್ಪು, ಅಷ್ಟೇ ನನ್ನ ತೋಟ. ಪುಂಡಿ ಎಲೆಯ ಅಡಿಯಲ್ಲಿ ಬಿಳಿ ನೊಣ ಹಿಟ್ಟು ಉದುರಿಸಿದಂತೆ ಕೂತಿರುತ್ತಿತ್ತು. ಗಿಡ ಅಲುಗಿಸಿದರೆ ಹೊಗೆಯಂತೆ ಏಳುತ್ತಿತ್ತು. ಬದನೆಯ ಕುಡಿ ಬಾಡಿ ತಲೆ ಬಾಗಿಸಿದರೆ ಒಳಗೆ ಹುಳ ಕೊರೆಯುತ್ತಿದೆ ಎಂದೇ ಅರ್ಥ. ಅಂಥ ಕುಡಿಗಳನ್ನು ದಿನಾ ಚಿವುಟಿ ಒಲೆಗೆ ಹಾಕುತ್ತಿದ್ದೆ. ನೊಣ ಬಂದು ಅಂಟಲೆಂದು ಹಳದಿ ಬಣ್ಣದ ತಗಡಿಗೆ ಔಡಲೆಣ್ಣೆ ಬಳಿದು ಕಟ್ಟಿದ್ದೆ. ಬೇವಿನ ಬೀಜ ಕುಟ್ಟಿ ನೆನೆಸಿದ ನೀರನ್ನು ವಾರಕ್ಕೊಮ್ಮೆ ಚಿಮುಕಿಸುತ್ತಿದ್ದೆ. ನೊಣ ಕಡಿಮೆಯಾಗುತ್ತಿತ್ತು, ಪೂರ್ತಿ ಹೋಗುತ್ತಿರಲಿಲ್ಲ. ನನಗೆ ಅಷ್ಟು ಸಾಕಾಗಿತ್ತು.

ಮಗ ಯಲ್ಲೇಶನಿಗೆ ಮಾತ್ರ ಇದು ನಗೆಯ ವಿಷಯ. “ಅವ್ವ, ನೀ ಹುಳ ಕೊಲ್ಲಾಕತ್ತಿಯೋ, ಸಾಕಾಕತ್ತಿಯೋ?” ಅನ್ನುತ್ತಿದ್ದ.

ಕಂಪ್ಲಿಯ ತಂಗಿ ಮನೆಯಲ್ಲಿ ಎರಡು ದಿನ ಇದ್ದು, ಬೆಳಗಿನ ಬಸ್ಸಿಗೆ ಬಂದೆ. ಚೀಲ ಇಟ್ಟವಳೇ ಹಿತ್ತಿಲಿಗೆ ಹೋಗಿ ಪುಂಡಿ ಗಿಡ ಅಲುಗಿಸಿದೆ. ಒಂದು ನೊಣವೂ ಏಳಲಿಲ್ಲ. ಎಲೆ ಮಗುಚಿ ನೋಡಿದರೆ ಕೂತಲ್ಲೇ ಸತ್ತಿದ್ದವು. ಬುಡದಲ್ಲಿ ಇರುವೆ, ಜೇನುನೊಣ, ಹೊಟ್ಟೆ ಮೇಲಾಗಿ ಬಿದ್ದ ಒಂದು ಓತಿಕ್ಯಾತ. ಬೇವು ಹೀಗೆ ಕೊಲ್ಲುವುದಿಲ್ಲ.

ಯಲ್ಲೇಶನನ್ನು ಕರೆದು ಕೇಳಿದೆ. ನಿನ್ನೆ ಸಂಜೆ ತಾನೇ ಹೊಡೆದೆ, ಕೂಲಿಗೆ ಹೋಗುವ ಧಣಿಗಳ ಬಾಳೆ ತೋಟದಲ್ಲಿ ಮಿಕ್ಕ ಔಷಧಿ ಎಂದ. ಹೆಸರು ಗೊತ್ತಿರಲಿಲ್ಲ, ನೀರಿನ ಬಾಟಲಿಯಲ್ಲಿ ಬಗ್ಗಿಸಿಕೊಂಡು ಬಂದಿದ್ದ. ನಾನು ಊರಲ್ಲಿಲ್ಲ, ಯಾರು ಕೊಯ್ಯುತ್ತಾರೆ ಅಂದುಕೊಂಡಿದ್ದನಂತೆ.

ನಮ್ಮ ಓಣಿಯಲ್ಲಿ ಪುಂಡಿಪಲ್ಯವನ್ನು ಯಾರೂ ಕೇಳಿ ಒಯ್ಯುವುದಿಲ್ಲ. ಬೇಕಾದವರು ಬೇಲಿ ಸರಿಸಿ ಬಂದು ಕೊಯ್ದುಕೊಳ್ಳುತ್ತಾರೆ. ನಾನು ಮಡಿಯ ಆಚೆ ತುದಿಗೆ ಹೋದೆ. ಒಂದು ಸಾಲಿನ ಕುಡಿಗಳೆಲ್ಲ ಹೋಗಿದ್ದವು. ಚಿವುಟಿದ ಜಾಗ ಇನ್ನೂ ಹಸಿಯಾಗಿತ್ತು.

ಬೇಲಿಯಾಚೆಯ ಉಚ್ಚೆಂಗಮ್ಮ ಅಂಗಳದಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ನಸುಕಿನಲ್ಲಿ ಕೊಯ್ದು, ಒಂದು ಸಲ ತೊಳೆದು, ಬೇಳೆ ಹಾಕಿ ಮಾಡಿದ್ದಳು. ತಾನಿನ್ನೂ ಉಂಡಿರಲಿಲ್ಲ. ಅದೇ ಬಾಳೆ ತೋಟದ ಕೂಲಿಗೆ ಹೋಗುವ ಗಂಡ ಗುಡ್ಡಪ್ಪನಿಗೆ ಬುತ್ತಿ ಕಟ್ಟಿ ಕಳಿಸಿದ್ದಳು.

“ಯಾಕತ್ತಿ, ಹಂಗ ನೋಡ್ತೀ?” ಎಂದಳು.

ಹೇಳಿದೆ. ಅವಳ ಕೈಯಿಂದ ಬೂದಿ ಜಾರಿತು. ಒಳಗೆ ಹೋಗಿ ಪಲ್ಯದ ಗಡಿಗೆಯ ಮೇಲೆ ತಟ್ಟೆ ಮುಚ್ಚಿ, ತಟ್ಟೆಯ ಮೇಲೆ ಒಳಕಲ್ಲಿನ ಗುಂಡು ಇಟ್ಟಳು.

ಬಾಟಲಿ ಸೆರಗಿನಲ್ಲಿ ಕಟ್ಟಿಕೊಂಡು ಯಲ್ಲೇಶನ ಬೈಕು ಹತ್ತಿದೆ. ಗುಡ್ಡಪ್ಪ ಬಾಳೆ ತೋಟದ ಬದುವಿನಲ್ಲಿ ಬುತ್ತಿಯ ಡಬ್ಬಿ ತೊಳೆಯುತ್ತ ಕೂತಿದ್ದ. ಅಂಗಿ ಬೆವರಿಗೆ ಮೈಗಂಟಿತ್ತು.

“ಪಲ್ಯ ಮಸ್ತ್ ಇತ್ತು, ಅತ್ತಿ. ಸೊಲ್ಪ ಸೀಮೆಣ್ಣಿ ವಾಸನಿ.” ಹೇಳುವಾಗಲೇ ಬಾಯಂಚಿನಿಂದ ಜೊಲ್ಲು ಇಳಿಯಿತು. ಒರೆಸಿಕೊಂಡ. ಮತ್ತೆ ಇಳಿಯಿತು.

ಅವನನ್ನು ನಡುವೆ ಕೂರಿಸಿಕೊಂಡು ಹೊಸಪೇಟೆಯ ಆಸ್ಪತ್ರೆಗೆ ಹೋದೆವು. ಅಷ್ಟರಲ್ಲಿ ಎರಡು ಸಲ ವಾಂತಿಯಾಗಿತ್ತು. ಯಾವ ಔಷಧಿ ಎಂದು ಡಾಕ್ಟರು ಕೇಳಿದರು. ಬಾಟಲಿ ಕೊಟ್ಟೆ. ಅದರ ಮೇಲೆ ಕುಡಿಯುವ ನೀರಿನ ಚೀಟಿ ಇತ್ತು. ಅವರು ಅದನ್ನು ಬದಿಗಿಟ್ಟು ಗುಡ್ಡಪ್ಪನ ಕಣ್ಣಿಗೆ ಟಾರ್ಚು ಹಿಡಿದರು. ಕಣ್ಣಪಾಪೆ ಸಾಸಿವೆ ಕಾಳಿನಷ್ಟಾಗಿತ್ತು. ಸೂಜಿ ಹಾಕಿದರು, ಸ್ವಲ್ಪ ಹೊತ್ತಿಗೆ ಮತ್ತೊಂದು. ಬೇಗ ತಂದಿದ್ದೀರಿ, ನೋಡೋಣ ಅಂದರು. ಆಮೇಲೆ, ಇದನ್ನು ಇನ್ಯಾರು ಉಂಡಿದ್ದಾರೆ ಎಂದು ಕೇಳಿದರು.

ಯಾರೂ ಇಲ್ಲ ಎಂದು ನಾನು ಹೇಳುವಷ್ಟರಲ್ಲಿ ಗುಡ್ಡಪ್ಪ ನನ್ನ ಮಣಿಕಟ್ಟು ಹಿಡಿದ. ನಾಲಗೆ ಸರಿಯಾಗಿ ಹೊರಳುತ್ತಿರಲಿಲ್ಲ.

“ಮೂಕಣ್ಣ. ಜತಿಗೆ ಕುಂತು ಉಂಡ. ಅರ್ಧ ಪಲ್ಯ ಅವಂಗ ಹಾಕಿದೆ.”

ಮೂಕಣ್ಣ ತೋಟಕ್ಕೆ ಗೊಬ್ಬರ ಇಳಿಸಲು ಬಂದಿದ್ದ ಲಾರಿಯ ಡ್ರೈವರು. ಉಂಡು ಕೈ ತೊಳೆದು ಸಂಡೂರಿನ ಘಾಟಿ ಕಡೆಗೆ ಹೊರಟು ಗಂಟೆಯಾಗಿತ್ತು. ಯಲ್ಲೇಶ ಧಣಿಗಳಿಂದ ಅವನ ನಂಬರು ತೆಗೆದುಕೊಂಡು ಫೋನು ಹಚ್ಚಿದ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಹಚ್ಚಿದ.