ಎರ್ಮೆಲಿಂದಾಳ ನೋಟಿಸುಗಳು

ಕ್ಯಾಲಿಫೋರ್ನಿಯಾದ ಟರ್ಲಾಕ್ ಊರಿನ ಸುತ್ತಮುತ್ತ ಹೊರಗೋಡೆಗೆ ಗಿಲಾವು ಮಾಡುವವರು ಬೇಕಾದಷ್ಟು ಜನ ಇದ್ದರು. ಆದರೆ ದುರ್ವಾಲ್ ಆವಿಲಾ ಮಾಡಿದ ಗೋಡೆಯನ್ನು ನಾನು ಕಣ್ಣು ಮುಚ್ಚಿ ಮುಟ್ಟಿ ಗುರುತಿಸುತ್ತಿದ್ದೆ. ನಾನು ಬಣ್ಣದವನು, ಅವನ ಕೆಲಸ ಮುಗಿದ ಮೇಲೆ ನನ್ನದು ಶುರು. ಕೆಟ್ಟ ಗಿಲಾವಿನ ಮೇಲೆ ಎಷ್ಟು ಕೈ ಬಣ್ಣ ಬಳಿದರೂ ಸಂಜೆಯ ಓರೆ ಬಿಸಿಲಿಗೆ ಹುಳುಕೆಲ್ಲ ಎದ್ದು ಕಾಣುತ್ತದೆ. ದುರ್ವಾಲನ ಗೋಡೆಯಲ್ಲಿ ಆ ರಗಳೆ ಇರಲಿಲ್ಲ. ಅವನು ಅಸೋರ್ಸ್ ದ್ವೀಪದಿಂದ ಬಂದ ಪೋರ್ಚುಗೀಸ, ನಾನು ಅಸ್ಸೀರಿಯನ್ ಜನದವನು, ಒದಿಶೋ ಅಂತ ಹೆಸರು. ವರ್ಷಗಟ್ಟಲೆ ಒಬ್ಬರ ಹಿಂದೊಬ್ಬರು ಕೆಲಸ ಮಾಡಿದರೂ ನಮ್ಮಿಬ್ಬರ ನಡುವೆ ಮಾತು ಕಡಿಮೆ. ಅವನ ಮನೆಯಲ್ಲಿ ಮಾತೆಲ್ಲ ಹೆಂಡತಿ ಎರ್ಮೆಲಿಂದಾಳದು.

ಅವರ ಮಗಳಿಗೆ ದೀಕ್ಷಾಸ್ನಾನವಾದಾಗ ಮಗುವನ್ನು ಎತ್ತಿಕೊಂಡು ಧರ್ಮತಂದೆಯಾಗಿ ನಿಂತವನು ಜಿಲ್ಬೆರ್ತೊ. ಅಂದಿನಿಂದ ಅವನೂ ದುರ್ವಾಲನೂ ಒಬ್ಬರಿಗೊಬ್ಬರು ‘ಕುಂಪಾದ್ರೆ’, ಎರ್ಮೆಲಿಂದಾ ಅವನಿಗೆ ‘ಕುಮಾದ್ರೆ’. ಪೋರ್ಚುಗೀಸರಲ್ಲಿ ಆ ನಂಟು ಒಡಹುಟ್ಟಿದವರಿಗಿಂತ ಒಂದು ಗುಲಗಂಜಿ ಹೆಚ್ಚೇ ತೂಗುತ್ತದೆ. ಜಿಲ್ಬೆರ್ತೊ ಮುಖ್ಯ ಕಂಟ್ರಾಕ್ಟರು. ಕಟ್ಟಡದ ಮಾಲೀಕ ದುಡ್ಡು ಕೊಡುವುದು ಅವನ ಕೈಗೆ, ನಮ್ಮಂಥವರಿಗೆ ಅವನ ಕೈಯಿಂದ ಇಳಿದು ಬರಬೇಕು. ಬಾರದೇ ಹೋದರೆ ಆ ಕಟ್ಟಡದ ಮೇಲೆಯೇ ಹಕ್ಕು ಹೂಡಲು ಕ್ಯಾಲಿಫೋರ್ನಿಯಾದ ಕಾನೂನು ಬಿಡುತ್ತದೆ. ಲೀನ್ ಅನ್ನುವುದು ಅದಕ್ಕೇ. ಅದನ್ನು ಹೂಡಿದರೆ ಬಾಕಿ ತೀರುವವರೆಗೆ ಮಾಲೀಕ ಕಟ್ಟಡವನ್ನು ನೆಮ್ಮದಿಯಿಂದ ಮಾರಲಾರ. ಆದರೆ ಆ ಹಕ್ಕು ಉಳಿಯಬೇಕಾದರೆ ಕೆಲಸಕ್ಕೆ ಕೈ ಹಚ್ಚಿದ ಇಪ್ಪತ್ತು ದಿನದೊಳಗೆ ಮಾಲೀಕನಿಗೆ, ಕಂಟ್ರಾಕ್ಟರಿಗೆ, ಸಾಲ ಕೊಟ್ಟ ಬ್ಯಾಂಕಿಗೆ ರಿಜಿಸ್ಟರ್ ಅಂಚೆಯಲ್ಲಿ ಒಂದು ನೋಟಿಸು ಹೋಗಬೇಕು: ನಾನು ಇಂಥವನು, ನಿಮ್ಮ ಕಟ್ಟಡದಲ್ಲಿ ಇಂಥ ಕೆಲಸ ಮಾಡುತ್ತಿದ್ದೇನೆ, ಅಷ್ಟೇ. ಅದು ದೂರಲ್ಲ, ಬೆದರಿಕೆಯೂ ಅಲ್ಲ.

ಆ ವರ್ಷ ಲಿಂಡ್‌ಕ್ವಿಸ್ಟ್ ಎಂಬ ಬಾದಾಮಿ ತೋಟದವನೊಬ್ಬ ಊರ ಹೊರಗೆ ಬಾಡಿಗೆ ಮನೆಗಳ ಸಾಲು ಕಟ್ಟಿಸುತ್ತಿದ್ದ. ಕಂಟ್ರಾಕ್ಟು ಜಿಲ್ಬೆರ್ತೊನದು, ಗಿಲಾವು ದುರ್ವಾಲನದು. ಎರ್ಮೆಲಿಂದಾ ಎಂದಿನಂತೆ ನೋಟಿಸು ಬರೆದು ಊಟದ ಮೇಜಿನ ಮೇಲಿಟ್ಟಿದ್ದಳು. ಭಾನುವಾರ ಊಟಕ್ಕೆ ಬಂದ ಜಿಲ್ಬೆರ್ತೊ ಅದನ್ನು ನೋಡಿದ.

“ಏನಿದು ಕುಂಪಾದ್ರೆ? ನನ್ ಮೇಲೇನಾ?”

“ಎಲ್ಲರಿಗೂ ಕಳಿಸ್ತೀವಲ್ಲ” ಅಂದಳು ಎರ್ಮೆಲಿಂದಾ.

“ಎಲ್ಲರಿಗೂ ಕಳಿಸು ತಾಯಿ, ನಾನು ಎಲ್ಲರೊಳಗೆ ಒಬ್ಬನಾ? ಆ ಲಿಂಡ್‌ಕ್ವಿಸ್ಟ್ ಮೊದಲೇ ಅಂಜುಬುರುಕ. ಇದು ಕೈಗೆ ಸಿಕ್ರೆ ನಾನು ಕಳ್ಳ ಅಂತ ತಿಳ್ಕೊತಾನೆ. ನಿನ್ ಮಗಳನ್ನ ಎತ್ಕೊಂಡು ದೇವರ ಮುಂದೆ ನಿಂತೋನು ನಾನು. ನಮ್ಮಿಬ್ಬರ ಮಧ್ಯೆ ಅಂಚೆಯವನು ಯಾಕೆ ಬರಬೇಕು ಹೇಳು?”

ದುರ್ವಾಲ್ ನಾಚಿಕೊಂಡ. ಆ ಕಾಗದವನ್ನು ತಾನೇ ತೆಗೆದುಕೊಂಡು ಎರಡು ತುಂಡು ಮಾಡಿ ಹರಿದ. ಎರ್ಮೆಲಿಂದಾ ಎದ್ದು ಅಡುಗೆಮನೆಗೆ ಹೋದಳು. ಆ ದಿನ ಅವಳು ಮತ್ತೆ ಮೇಜಿಗೆ ಬರಲಿಲ್ಲವೆಂದು ದುರ್ವಾಲನೇ ಒಮ್ಮೆ ನನಗೆ ಹೇಳಿದ್ದ.

ಗಿಲಾವು ಮುಗಿಯಿತು, ನಾನು ಬಣ್ಣವನ್ನೂ ಮುಗಿಸಿದೆ. ನನ್ನ ನೋಟಿಸು ಮೊದಲೇ ಹೋಗಿತ್ತು, ನನ್ನ ಹಣ ತಡವಾಗಿಯಾದರೂ ಬಂತು. ದುರ್ವಾಲನದು ಬರಲಿಲ್ಲ. ಇವತ್ತು ಮಾಲೀಕ ಕೊಟ್ಟಿಲ್ಲ, ನಾಳೆ ಬ್ಯಾಂಕು ಬಿಟ್ಟಿಲ್ಲ ಎನ್ನುತ್ತ ಜಿಲ್ಬೆರ್ತೊ ದಿನ ತಳ್ಳಿದ. ಕೊನೆಗೆ ಎರ್ಮೆಲಿಂದಾ ಗಂಡನಿಗೂ ಹೇಳದೆ ಲಿಂಡ್‌ಕ್ವಿಸ್ಟನ ತೋಟಕ್ಕೇ ಹೋದಳು. ಅವನು ಒರಟನಲ್ಲ. ಕೂರಿಸಿ ಕಾಫಿ ಕೊಟ್ಟ.

“ಗಿಲಾವಿನ ಬಾಬ್ತು ಜಿಲ್ಬೆರ್ತೊ ಕೈಗೆ ಪೂರ್ತಿ ಕೊಟ್ಟಾಗಿದೆಯಮ್ಮ. ಅದರಲ್ಲಿ ನಿಮ್ಮ ಯಜಮಾನರೂ ಇದ್ರು ಅಂತ ನನಗೇನು ಗೊತ್ತು? ಅವರಿಂದ ಒಂದು ಚೀಟಿ ಬಂದಿದ್ರೂ ಕೊಡೋಕೆ ಮುಂಚೆ ಕೇಳ್ತಿದ್ದೆ. ನಿಮ್ಮ ಹೆಸರು ಕೇಳ್ತಿರೋದೇ ಇವತ್ತು.”

ಅಷ್ಟು ಗೋಡೆಗೂ ಗಂಡ ಕೈಯಾಡಿಸಿದ್ದಾನೆ, ಆ ಮಾಲೀಕನಿಗೆ ಅವನ ಹೆಸರೂ ಗೊತ್ತಿಲ್ಲ. ಈ ಮಾತು ಎರ್ಮೆಲಿಂದಾಳ ಎದೆಯಲ್ಲಿ ಮುಳ್ಳಿನಂತೆ ಮುರಿದು ಉಳಿಯಿತು. ನೋಟಿಸಿಲ್ಲದ ಮೇಲೆ ಲೀನ್ ಇಲ್ಲ ಎಂದು ವಕೀಲ ಕೈಚೆಲ್ಲಿಬಿಟ್ಟ. ಜಿಲ್ಬೆರ್ತೊನ ಕಂಪನಿಯ ಮೇಲೆ ದಾವೆ ಹೂಡಿದರು, ಗೆದ್ದರು. ವಸೂಲಿಗೆ ಹೋದರೆ ಕಂಪನಿ ಖಾಲಿ ಡಬ್ಬ. ಅವನು ಹೆಂಡತಿಯ ಹೆಸರಿನಲ್ಲಿ ಹೊಸ ಕಂಪನಿ ತೆರೆದು ಹೊಸ ಟ್ರಕ್ಕಿಗೆ ಅದರ ಹೆಸರು ಬರೆಸಿಯಾಗಿತ್ತು.

ಒಂದು ಶನಿವಾರ ಗಂಡ ಹೆಂಡತಿ ಬೇಕರಿಯಲ್ಲಿ ಸಿಹಿರೊಟ್ಟಿಗೆ ಸಾಲು ನಿಂತಿದ್ದಾಗ ಅವನು ಸಿಕ್ಕಿದ. ದುರ್ವಾಲ್ ತಲೆ ತಗ್ಗಿಸಿದ. ಜಿಲ್ಬೆರ್ತೊ ನಾಲ್ಕು ಜನಕ್ಕೆ ಕೇಳಿಸುವಂತೆ ನಕ್ಕು ಅವನ ಭುಜ ತಟ್ಟಿದ. “ಬೇಜಾರ್ ಮಾಡ್ಕೋಬೇಡ ಕುಂಪಾದ್ರೆ. ವ್ಯಾಪಾರ ಅಂದ್ರೆ ಹೀಗೇನೆ. ಮುಂದಿನ ಸಲ ನೋಟಿಸು ಕಳ್ಸೋದು ಮರೀಬೇಡ!”

ಸಾಲಿನಲ್ಲಿದ್ದ ಒಂದಿಬ್ಬರು ನಕ್ಕರು. ಎರ್ಮೆಲಿಂದಾ ನಗಲಿಲ್ಲ, ಬೈಯಲೂ ಇಲ್ಲ. ಅವಳು ಬೈದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತೇನೋ.

ದುರ್ವಾಲ್ ಗಿಲಾವಿನ ಪಂಪನ್ನೂ ಅಟ್ಟಣೆಯ ಕೊಳವೆಗಳನ್ನೂ ಮಾರಿ ಮೊಡೆಸ್ಟೊದಲ್ಲಿ ಇನ್ನೊಬ್ಬರ ಕೈಕೆಳಗೆ ಕೂಲಿಗೆ ಸೇರಿದ. ಎರ್ಮೆಲಿಂದಾ ಸಿಮೆಂಟು, ಮರಳು, ತಂತಿ ಜಾಲರಿ ಮಾರುವ ದೊಡ್ಡ ಅಂಗಡಿಯ ಕೌಂಟರಿನಲ್ಲಿ ಕೆಲಸ ಹಿಡಿದಳು. ಮನೆ ಖರ್ಚಿಗೆ ಅಂತ ಎಲ್ಲರೂ ಅಂದುಕೊಂಡೆವು. ಅವಳ ಲೆಕ್ಕ ಬೇರೆಯೇ ಇತ್ತು. ಯಾರು ಎಲ್ಲಿ ಏನು ಕಟ್ಟುತ್ತಿದ್ದಾರೆ ಎಂದು ಮೊದಲು ಗೊತ್ತಾಗುವುದು ಆ ಕೌಂಟರಿನಲ್ಲಿ. ಬಂದ ಪ್ಲಂಬರು, ಎಲೆಕ್ಟ್ರಿಷಿಯನ್ನು, ಛಾವಣಿಯವರು, ಎಲ್ಲರನ್ನೂ ಮಾತಿಗೆಳೆದು, “ನೋಟಿಸು ಕಳ್ಸಿದ್ಯಾ? ಇಲ್ವಾ? ಕೂತ್ಕೊ, ನಾನೇ ಬರೆದುಕೊಡ್ತೀನಿ” ಅನ್ನುತ್ತಿದ್ದಳು. ಅಂಚೆಗೂ ಅವಳೇ ಹಾಕುತ್ತಿದ್ದಳು. ದುಡ್ಡು ಕೇಳುತ್ತಿರಲಿಲ್ಲ. ಒಳ್ಳೆಯ ಹೆಂಗಸು ಅಂತ ಹೆಸರಾಯಿತು.

ಎರಡನೆಯ ಚಳಿಗಾಲ ಕಳೆದ ಮೇಲೆ ಜಿಲ್ಬೆರ್ತೊನ ಹೊಸ ಕಂಪನಿಗೆ ಲಾಸ್ ಬಾನೊಸಿನಲ್ಲಿ ಭಾರಿ ಕೆಲಸ ಸಿಕ್ಕಿತು. ಒಬ್ಬ ದಂತವೈದ್ಯೆ ಬ್ಯಾಂಕಿನಿಂದ ಸಾಲ ತೆಗೆದು ಆಸ್ಪತ್ರೆ ಕಟ್ಟಿಸುತ್ತಿದ್ದಳು. ಬಣ್ಣಕ್ಕೆ ಅವನು ನನ್ನನ್ನೇ ಕರೆದ. ಕೆಲಸವಿಲ್ಲದ ಕಾಲ, ಒಪ್ಪಿಕೊಂಡೆ. ಸಾಮಾನು ತರಲು ಅಂಗಡಿಗೆ ಹೋದಾಗ ಎರ್ಮೆಲಿಂದಾ ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದಳು.

“ನೋಟಿಸಿನ ಬಗ್ಗೆ ನಿನಗೇನಂದ ಒದಿಶೋ?”

“ಡಾಕ್ಟರಮ್ಮ ಹೆದರ್ಕೊತಾಳೆ, ಬೇಡ ಅಂದ.”

“ಹೆದರ್ಕೊಳ್ಳಲಿ. ಪ್ಲಂಬರಿಗೂ ಅದನ್ನೇ ಅಂದಿದ್ದಾನೆ, ಛಾವಣಿಯವನಿಗೂ ಅದನ್ನೇ. ನೆಲಕ್ಕೆ ಟೈಲ್ಸ್ ಹಾಕೋ ಹುಡುಗಿ ಹತ್ರ ಕಣ್ಣೀರೇ ಹಾಕಿದ್ನಂತೆ. ಅವರೆಲ್ಲರದ್ದೂ ಬರೆದಾಯ್ತು. ನಿಂದೊಂದು ಬಾಕಿ.”

“ಅವನು ನನ್ನ ಕೆಲಸದಿಂದ ತೆಗೆದ್ರೆ?”

“ತೆಗೀಲಿ, ತೆಗೆಯೋ ಹೊತ್ತಿಗೆ ಅವನೇ ಅಲ್ಲಿರಲ್ಲ. ಸಹಿ ಹಾಕು.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಮದುವೆ ಊಟಕ್ಕೆ ಪಟ್ಟಿ ಮಾಡುವವಳ ಹಾಗೆ ಖುಷಿಯಾಗಿದ್ದಳು. ನನಗೆ ಸ್ವಲ್ಪ ಭಯವಾಯಿತು, ಸಹಿ ಹಾಕಿದೆ.

ಎಲ್ಲರ ನೋಟಿಸುಗಳೂ ಒಂದೇ ವಾರದಲ್ಲಿ ವೈದ್ಯೆಗೂ ಬ್ಯಾಂಕಿಗೂ ಮುಟ್ಟಿದವು. ಪ್ಲಂಬರು ಬಹಳ ಮೊದಲೇ ಕೆಲಸ ಶುರು ಮಾಡಿದ್ದರಿಂದ ನೋಟಿಸಿಗೆ ಹಿಂದಿನ ಇಪ್ಪತ್ತು ದಿನಕ್ಕಿಂತ ಹಳೆಯ ಕೆಲಸದ ಹಕ್ಕು ಹೋಗಿತ್ತು, ಈಚಿನದು ಉಳಿಯಿತು. ನೋಟಿಸಿನಿಂದ ಯಾವ ಕಂಟ್ರಾಕ್ಟರೂ ಸಾಯುವುದಿಲ್ಲ. ಕೊಡಬೇಕಾದವರಿಗೆ ಕೊಡುತ್ತಿರುವವನು ಅದನ್ನು ಕಡತಕ್ಕೆ ಸೇರಿಸಿ ಮರೆಯುತ್ತಾನೆ. ಆದರೆ ಜಿಲ್ಬೆರ್ತೊ ಈ ಕಟ್ಟಡದ ಹಣದಿಂದ ಹಿಂದಿನ ಕಟ್ಟಡದ ಸಾಲ ಮುಚ್ಚಿ, ಹಿಂದಿನದರಿಂದ ಹೊಸ ಟ್ರಕ್ಕು ಕೊಂಡವನು. ಇದು ಎರ್ಮೆಲಿಂದಾಳಿಗೆ ಕೌಂಟರಿನಲ್ಲಿ ಕೂತೇ ಗೊತ್ತಿತ್ತು. ಇಷ್ಟೊಂದು ಹೆಸರು ನೋಡಿದ ಬ್ಯಾಂಕಿನವರು, ಇವರೊಬ್ಬೊಬ್ಬರೂ ಹಣ ಮುಟ್ಟಿದೆ ಎಂದು ಸಹಿ ಹಾಕಿಕೊಟ್ಟರೆ ಮಾತ್ರ ಸಾಲದ ಮುಂದಿನ ಕಂತು ಬಿಡುತ್ತೇವೆ ಅಂದರು. ಸಹಿ ಹಾಕಲು ಯಾರ ಕೈಗೂ ಏನೂ ಮುಟ್ಟಿರಲಿಲ್ಲ.

ಮರುದಿನವೇ ನನಗೆ ಫೋನು. “ಒದಿಶೋ, ನೀನೂನಾ? ನಿನಗೆ ನಾನೇನ್ ಮಾಡಿದ್ದೆ?”

“ಏನೂ ಮಾಡಿಲ್ಲ. ಕೆಲಸ ಮಾಡ್ತಿದ್ದೀನಿ ಅಂತ ಬರೆದಿದ್ದೀನಿ. ಸುಳ್ಳಾ?”

“ಬರೆದೋಳು ಯಾರು ಅಂತ ನಂಗೊತ್ತು ಬಿಡು” ಎಂದು ಫೋನಿಟ್ಟ.

ಕಂತು ನಿಂತಿತು, ಹಿಂದಿನ ಕಟ್ಟಡದವರು ಬೆನ್ನು ಹತ್ತಿದರು, ಟ್ರಕ್ಕನ್ನು ಸಾಲದವರು ಎಳೆದೊಯ್ದರು. ಈ ನಡುವೆ ಎರ್ಮೆಲಿಂದಾ, ಒಂದು ಕಟ್ಟಡದ ಹಣ ಇನ್ನೊಂದಕ್ಕೆ ಸುರಿಯುತ್ತಾನೆಂದು, ಕಂಟ್ರಾಕ್ಟರುಗಳಿಗೆ ಲೈಸೆನ್ಸ್ ಕೊಡುವ ಬೋರ್ಡಿಗೂ ದೂರು ಬರೆದಿದ್ದಳು. ವೈದ್ಯೆ ಅವನನ್ನು ಬಿಡಿಸಿ ಬೇರೆಯವರಿಗೆ ಕಂಟ್ರಾಕ್ಟು ಕೊಟ್ಟಳು. ನಮಗೆ ಬರಬೇಕಾದ್ದನ್ನು ಬ್ಯಾಂಕಿನ ಮೂಲಕ ನೇರವಾಗಿ ತೀರಿಸಿದಳು. ಮುಗಿದ ಮೇಲೆ ನಮಗೆಲ್ಲ ಕೈಕುಲುಕಿ, ಹೆಸರು ಹಿಡಿದು ಮಾತಾಡಿಸಿದಳು.

ಜಿಲ್ಬೆರ್ತೊ ಅಂಗಡಿಗೆ ಬಂದ ದಿನ ನಾನೂ ಅಲ್ಲಿದ್ದೆ. ಗಡ್ಡ ಬೋಳಿಸಿರಲಿಲ್ಲ. ಕೌಂಟರಿನ ಮೇಲೆ ಒಂದು ಲಕೋಟೆ ಇಟ್ಟ.

“ಕುಮಾದ್ರೆ, ದುರ್ವಾಲನದು. ಪೂರ್ತಿ ಇದೆ. ನನ್ ಹೆಂಡತಿ ಅವಳ ಅಪ್ಪನ ಮನೆ ಜಮೀನು ಮಾರಿದ್ಲು. ತಗೊ. ಲೈಸೆನ್ಸ್ ಬೋರ್ಡಿಗೆ ನೀನು ಕೊಟ್ಟಿರೋ ದೂರು ವಾಪಸ್ ತಗೊ. ಲೈಸೆನ್ಸ್ ಹೋದ್ರೆ ನಾನು ತಿನ್ನೋದೇನು?”

ಎರ್ಮೆಲಿಂದಾ ಲಕೋಟೆಯನ್ನು ಡ್ರಾವರಿಗೆ ಹಾಕಿ ಬೀಗ ತಿರುಗಿಸಿದಳು. ರಸೀದಿ ಬರೆದು ಕೊಟ್ಟಳು.

“ದೂರು?”

“ದೂರು ಇರುತ್ತೆ.”

“ದುಡ್ಡು ಕೊಟ್ನಲ್ಲ!”

“ಇದು ಗಿಲಾವಿಗೆ. ನನ್ ಗಂಡನ ಕೈಯಲ್ಲೇ ಅವನ ಕಾಗದ ಹರಿಸಿದ್ಯಲ್ಲ, ಅದಕ್ಕೆ ಇನ್ನೂ ಏನೂ ಬಂದಿಲ್ಲ.”

“ನಾನು ನಿನ್ ಮಗಳ ಧರ್ಮತಂದೆ ಕಣೆ, ಎರ್ಮೆಲಿಂದಾ!”

“ಗೊತ್ತು. ಅದನ್ನೂ ಸೇರಿಸಿಯೇ ಲೆಕ್ಕ ಹಾಕಿದ್ದು. ಬೇರೆಯವನಾಗಿದ್ರೆ ಇಷ್ಟು ಹೊತ್ತಿಗೆ ಬಿಟ್ಟುಬಿಡ್ತಿದ್ದೆ.”

ಅವನು ನನ್ನ ಕಡೆ ನೋಡಿದ. ನಾನು ಬ್ರಷ್ಷುಗಳ ಕಡೆ ನೋಡಿದೆ.

ಬೇಸಿಗೆ ಮುಗಿಯುವಷ್ಟರಲ್ಲಿ ಅವನ ಲೈಸೆನ್ಸು ರದ್ದಾಯಿತು. ಮನೆಯನ್ನೂ ಬಿಟ್ಟುಕೊಡಬೇಕಾಯಿತು. ಸಾಮಾನು ಸಾಗಿಸುವ ದಿನ ಅವನ ಮನೆ ಮುಂದೆ ಸಹಾಯಕ್ಕೆ ಯಾರೂ ಸುಳಿಯಲಿಲ್ಲ. ದುರ್ವಾಲ್ ಮಾತ್ರ ಹೋದ. ಕೇಳದೆ, ಹೇಳದೆ, ಹಳೆಯ ಕುಂಪಾದ್ರೆಯ ಜೊತೆ ಸೋಫಾ, ಮಂಚ, ಫ್ರಿಜ್ಜು ಎಲ್ಲ ಹೊತ್ತು ಲಾರಿಗೆ ಏರಿಸಿ ಹಗ್ಗ ಬಿಗಿದು ಬಂದ. ಸುದ್ದಿ ಅವನಿಗಿಂತ ಮೊದಲೇ ಎರ್ಮೆಲಿಂದಾಳಿಗೆ ಮುಟ್ಟಿತ್ತು.

“ಬೆನ್ನು ನೋವಾಗ್ಲಿಲ್ವಾ?” ಅಂದಳಂತೆ.

“ನೀನು ಗೆದ್ದೆ ಕಣೆ. ಇನ್ನು ಸಾಕು ಮಾಡು” ಅಂದನಂತೆ ಅವನು.

ಆಮೇಲೆ ಆ ಮನೆಯಲ್ಲಿ ಬಹಳ ದಿನ ಉಪ್ಪು ಕೊಡು, ನೀರು ಕೊಡು ಅನ್ನುವಷ್ಟೇ ಮಾತು. ಬಂದ ಹಣದಲ್ಲಿ ಅವಳು ಹೊಸ ಗಿಲಾವಿನ ಪಂಪು ತರಿಸಿ ಅಂಗಳದಲ್ಲಿ ನಿಲ್ಲಿಸಿದಳು. ದುರ್ವಾಲ್ ಅದರ ಮೇಲಿನ ಪ್ಲಾಸ್ಟಿಕ್ಕನ್ನೂ ತೆಗೆಯದೆ ಕೂಲಿಗೆ ಹೋಗುತ್ತಿದ್ದ. ಚಳಿಗಾಲ ಬರುವ ಹೊತ್ತಿಗೆ ಒಂದು ದಿನ ತೆಗೆದ. ಯಾಕೆ ತೆಗೆದ ಎಂದು ನನಗೆ ಗೊತ್ತಿಲ್ಲ, ಕೇಳಿದರೆ ಅವನು ಹೇಳುವವನೂ ಅಲ್ಲ. ಈಗ ಮತ್ತೆ ಅವನ ಗೋಡೆಗಳಿಗೆ ನಾನು ಬಣ್ಣ ಬಳಿಯುತ್ತಿದ್ದೇನೆ.

ಹೋದ ತಿಂಗಳು ಮರ್ಸೆಡಿನಲ್ಲಿ ಒಂದು ಶಾಲೆಯ ಕೆಲಸಕ್ಕೆ ಹೋದಾಗ ಜಿಲ್ಬೆರ್ತೊನನ್ನು ಕಂಡೆ. ಬೇರೊಬ್ಬ ಕಂಟ್ರಾಕ್ಟರನ ಬಳಿ ದಿನಗೂಲಿ. ತಲೆಗೆ ಟೋಪಿ ಇಟ್ಟುಕೊಂಡು ಒಡೆದ ಇಟ್ಟಿಗೆ ಆರಿಸುತ್ತಿದ್ದ. ಸಣ್ಣಗಾಗಿದ್ದಾನೆ. ನನ್ನ ಕಂಡು ತಲೆಯಾಡಿಸಿದ, ನಾನೂ ಆಡಿಸಿದೆ.

ಅಂಗಡಿಯಲ್ಲಿ ಬಾಯಿ ತಪ್ಪಿ ಅದನ್ನು ಹೇಳಿಬಿಟ್ಟೆ. ಎರ್ಮೆಲಿಂದಾ ಯಾರಿಗೋ ಮರಳಿನ ಬಿಲ್ಲು ಬರೆಯುತ್ತಿದ್ದಳು. ತಲೆ ಎತ್ತಿದಳು. ಅವಳ ಮುಖದಲ್ಲಿ ಬೆಳಕು ಬಂತು. ನಿಜವಾಗಿ ಹೇಳುತ್ತೇನೆ, ಬೆಳಕೇ ಬಂತು.

“ಹೌದಾ? ಯಾರ ಹತ್ರ ಕೆಲಸಕ್ಕಿದ್ದಾನೆ? ಯಾವ ಶಾಲೆ?”

“ದೂರದಿಂದ ನೋಡಿದ್ದು ಎರ್ಮೆಲಿಂದಾ. ಅವನೇ ಹೌದೋ ಅಲ್ವೋ, ಸರಿಯಾಗಿ ಗೊತ್ತಾಗ್ಲಿಲ್ಲ” ಅಂದೆ.